ಕಳಲೆಯೂ ಮೆಳೆಯೂ

ಕಳಲೆ ಎಂದೊಡನೆ ಮಲೆನಾಡಿನವರಿಗೆ ಮಳೆಗಾಲದ ಪಲ್ಯ ನೆನಪಾಗುತ್ತದೆ. ನಮ್ಮ ಮೈಸೂರು ಸೀಮೆಯವರಿಗೆ ನಂಜನಗೂಡಿನ ಬಳಿಯ ಊರೊಂದು ನೆನಪಾಗುತ್ತದೆ. ಬಿದಿರಿನ ಎಳೆಯ ಮೊಳಕೆಯನ್ನೂ ಆ ಊರನ್ನೂ ಒಂದೇ ಹೆಸರಿನಿಂದ ಕರೆಯುವ ನಮ್ಮ ಭಾಷೆಗೆ ನಾನು ಈಚೆಗೆ ಋಣಿಯಾಗಿದ್ದೇನೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಮೇಷ್ಟರ ಕೆಲಸ ಮಾಡಿಯೂ ನನಗೆ ಸರಿಯಾಗಿ ತಿಳಿಯದೆ ಇದ್ದ ಸಂಗತಿಯೊಂದು, ಆ ಊರಿನ ಗುಡಿಯ ಜಗಲಿಯ ಮೇಲೆ ಕುಳಿತಿದ್ದಾಗ ತಿಳಿಯಿತು.

ಕಳೆದ ಶ್ರಾವಣದಲ್ಲಿ ಮನೆಯವಳ ಹರಕೆಯೊಂದನ್ನು ಸಲ್ಲಿಸಲು ಕಳಲೆಯ ಲಕ್ಷ್ಮೀಕಾಂತಸ್ವಾಮಿಯ ಸನ್ನಿಧಿಗೆ ಹೋಗಿದ್ದೆವು. ಪೂಜೆ ಮುಗಿಸಿ ನೆರಳಿನಲ್ಲಿ ಕುಳಿತಿದ್ದೆ. ಐವತ್ತು ದಾಟಿದ ಹೆಂಗಸೊಬ್ಬಳು, ಏಳೆಂಟು ವರ್ಷದ ಮೊಮ್ಮಗಳ ಕೈ ಹಿಡಿದುಕೊಂಡು ಎದುರಿಗೆ ಬಂದು ನಿಂತು, "ಚೆಂದಾಗಿದ್ದೀರಾ ಮೇಷ್ಟ್ರೇ? ಗುರ್ತು ಸಿಕ್ನಿಲ್ವಾ?" ಎಂದಳು. ಗುರುತು ಸಿಕ್ಕಿತ್ತು. ಸಿಕ್ಕಿದ್ದರಿಂದಲೇ ಮಾತು ಹೊರಡದೆ ಹೋಯಿತು. ಆಕೆಯ ವಿಷಯವನ್ನು ಹೇಳುವುದಕ್ಕೆ ಮೊದಲು ಆ ಊರಿನ ವಿಷಯವನ್ನು ಸ್ವಲ್ಪ ಹೇಳಬೇಕು.

ಕಳಲೆ ಸಾಮಾನ್ಯವಾದ ಊರಲ್ಲ. ಮೈಸೂರು ಒಡೆಯರಿಗೆ ದಳವಾಯಿಗಳನ್ನು ಕೊಟ್ಟ ಮನೆತನದ ಊರು. 17ನೆಯ ಶತಮಾನದಿಂದ ಮುಂದಕ್ಕೆ ಕಳಲೆಯವರಿಗೂ ಮೈಸೂರು ಅರಸರಿಗೂ ಹೆಣ್ಣು ಕೊಟ್ಟು ತರುವ ಸಂಬಂಧವಿದ್ದಿತು. ರಾಜ್ಯದ ಸೇನಾಧಿಪತ್ಯ ಮತ್ತೆ ಮತ್ತೆ ಆ ಮನೆಯವರ ಪಾಲಿಗೆ ಬಂದಿತು. 1734ರ ಹೊತ್ತಿಗೆ ಕಳಲೆಯ ದೇವರಾಜಯ್ಯ, ನಂಜರಾಜಯ್ಯ ಎಂಬ ದಾಯಾದಿಗಳು ಒಬ್ಬ ಅರಸನನ್ನು ಇಳಿಸಿ ಇನ್ನೊಬ್ಬನನ್ನು ಕೂರಿಸುವಷ್ಟು ಬಲಿಷ್ಠರಾಗಿದ್ದರು. ಅಂಥ ಮನೆಯಲ್ಲಿ ಹುಟ್ಟಿದ ಕೂಸಿನ ಕೈಗೆ ಕತ್ತಿ ತಾನಾಗಿ ಬರುತ್ತದೆ. ಕುದುರೆ ತಾನಾಗಿ ಬರುತ್ತದೆ. ಕಲಿಸುವ ಗುರುಗಳು ಬಾಗಿಲಿಗೆ ಬರುತ್ತಾರೆ. ಅದು ಮುಂದೆ ಶೂರನಾದರೆ "ಹುಟ್ಟುಗುಣ" ಎನ್ನುತ್ತಾರೆ.

ಆಗಿನ ಕಳಲೆಯಲ್ಲಿಯೂ ಕತ್ತಿ ತಿರುಗಿಸಬಲ್ಲ ಕೈಗಳು ಬೇರೆ ಮನೆಗಳಲ್ಲಿ ಇದ್ದುವು ಎಂಬುದರಲ್ಲಿ ಸಂಶಯವಿಲ್ಲ. ಅವು ನೇಗಿಲು ಹಿಡಿದುವು.

ಮುಂದೆ ಬಂದ ಅದೇ ಮನೆಯ ಇನ್ನೊಬ್ಬ ನಂಜರಾಜಯ್ಯ ಕೇವಲ ದಂಡನಾಯಕನಲ್ಲ, ಸಾಹಿತ್ಯಪ್ರಿಯನೂ ಹೌದು. ಸ್ವತಃ ಗ್ರಂಥಕರ್ತನೆಂದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಅವನಿಗೆ ಸ್ಥಾನವುಂಟು. ಅವನ ಆಶ್ರಯದಲ್ಲಿದ್ದ ನರಸಿಂಹಕವಿಯು ಸಂಸ್ಕೃತದಲ್ಲಿ ಅಲಂಕಾರಶಾಸ್ತ್ರದ ಗ್ರಂಥವೊಂದನ್ನು ಬರೆದನು. ಅದರ ಹೆಸರು "ನಂಜರಾಜಯಶೋಭೂಷಣ". ಕಾವ್ಯದ ಗುಣ, ರಸ, ಅಲಂಕಾರಗಳನ್ನು ವಿವರಿಸುವ ಆ ಗ್ರಂಥದಲ್ಲಿ ಉದಾಹರಣೆಯ ಪದ್ಯಗಳು ನಂಜರಾಜನ ಕೀರ್ತಿಯನ್ನೇ ಹಾಡುತ್ತವೆ. ಉಪಮೆ ಬೇಕೆ, ನಂಜರಾಜ. ವೀರರಸ ಬೇಕೆ, ನಂಜರಾಜ. ಇದು ಆ ಕಾಲದ ಪದ್ಧತಿ, ಕವಿಯನ್ನು ಹಳಿಯಬೇಕಾಗಿಲ್ಲ. ಆದರೆ ಶಾಲೆಯ ವಾರ್ಷಿಕೋತ್ಸವದ ದಿನ ಬಹುಮಾನಗಳ ಪಟ್ಟಿಯನ್ನು ಓದುವಾಗ ನನಗೆ ಎಷ್ಟೋ ಸಲ ಆ ಗ್ರಂಥದ ನೆನಪಾದುದುಂಟು. ಗುಣ ಯಾವುದೇ ಆಗಲಿ, ಉದಾಹರಣೆಗೆ ಅದೇ ನಾಲ್ಕೈದು ಮನೆಯ ಮಕ್ಕಳು: ಭಾಷಣಕ್ಕೂ ಅವರೇ, ಚಿತ್ರಕಲೆಗೂ ಅವರೇ, ಸನ್ನಡತೆಗೂ ಅವರೇ.

ಹಾಗೆಂದು ಕಳಲೆಯವರು ಪರರ ಗುಣವನ್ನು ಕಾಣಲೇ ಇಲ್ಲವೆಂದು ಹೇಳುವಂತಿಲ್ಲ. 1749ರಲ್ಲಿ ದೇವನಹಳ್ಳಿಯ ಮುತ್ತಿಗೆಯಲ್ಲಿ, ಓದುಬರಹ ತಿಳಿಯದ ಒಬ್ಬ ಸವಾರನ ಸಾಹಸವನ್ನು ಕಣ್ಣಾರೆ ಕಂಡು ಅವನನ್ನು ಮೇಲಕ್ಕೆತ್ತಿದವನು ಇದೇ ನಂಜರಾಜಯ್ಯ. ಆ ಸವಾರನೇ ಹೈದರಲಿ. ಮುಂದೆ ಅವನು ತನ್ನನ್ನು ಎತ್ತಿದವನನ್ನೇ ಬದಿಗೆ ಸರಿಸಿ 1761ರ ವೇಳೆಗೆ ರಾಜ್ಯದ ಒಡೆತನವನ್ನೇ ಕೈಗೆ ತೆಗೆದುಕೊಂಡ ಕಥೆ ಎಲ್ಲರಿಗೂ ಗೊತ್ತು. ನನಗೆ ಬೇಕಾದುದು ಅದಕ್ಕಿಂತ ಚಿಕ್ಕ ಸಂಗತಿ. ಯುದ್ಧಭೂಮಿಯಲ್ಲಿ ಮನೆತನ ಕೇಳುತ್ತ ಕುಳಿತರೆ ಕೋಟೆ ಕೈಬಿಡುತ್ತದೆ. ಆದುದರಿಂದ ದಳವಾಯಿಗೆ ಕಣ್ಣು ತೆರೆಯಲೇ ಬೇಕಾಯಿತು. ಶಾಲೆಯಲ್ಲಿ ಅಂಥ ನಿರ್ಬಂಧವಿಲ್ಲ. ಅಲ್ಲಿ ಮೇಷ್ಟರು ಕಣ್ಣು ಮುಚ್ಚಿಕೊಂಡಿದ್ದರೂ ಯಾವ ಕೋಟೆಯೂ ಬೀಳುವುದಿಲ್ಲ. ಬಿದ್ದರೂ ಸದ್ದು ಕೇಳಿಸುವುದಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ.

ನಾನು ಆ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಗಣಿತವನ್ನು ಪಾಠ ಹೇಳುತ್ತಿದ್ದೆ. 1986ನೆಯ ಇಸವಿ. ಎಂಟನೆಯ ತರಗತಿಯಲ್ಲಿ ಇಬ್ಬರು ಮಕ್ಕಳಿದ್ದರು. ಒಬ್ಬ ಬ್ಯಾಂಕಿನ ಅಧಿಕಾರಿಯ ಮಗ. ಇಸ್ತ್ರಿ ಮಾಡಿದ ಅಂಗಿ, ದುಂಡಗಿನ ಅಕ್ಷರ, ಕೇಳಿದ ಪ್ರಶ್ನೆಗೆ ಎದ್ದುನಿಂತು ಉತ್ತರ ಹೇಳುವ ಧೈರ್ಯ. ಒಳ್ಳೆಯ ಹುಡುಗ, ಬುದ್ಧಿವಂತನೂ ಹೌದು. ಇನ್ನೊಬ್ಬಳು ಊರಾಚೆಯ ಕೇರಿಯಿಂದ ಬರುತ್ತಿದ್ದ ಹುಡುಗಿ. ತಂದೆತಾಯಿ ರಸಬಾಳೆಯ ತೋಟಗಳಲ್ಲಿ ಕೂಲಿ. ಆಗ ಸೊರಗುರೋಗ ತೋಟಗಳನ್ನು ಇನ್ನೂ ಪೂರ್ತಿಯಾಗಿ ನುಂಗಿರಲಿಲ್ಲ. ನಂಜನಗೂಡಿನ ರಸಬಾಳೆಯ ಗೊನೆಗಳು ಸಂತೆಯಲ್ಲಿ ಕಾಣುತ್ತಿದ್ದುವು. ಸಂತೆಯ ದಿನ ಹುಡುಗಿ ಶಾಲೆಗೆ ಬರುತ್ತಿರಲಿಲ್ಲ. ಬಂದ ದಿನ ಕೊನೆಯ ಸಾಲಿನಲ್ಲಿ ಕುಳಿತು ತುಟಿ ಬಿಚ್ಚುತ್ತಿರಲಿಲ್ಲ.

ಒಂದು ಕಿರುಪರೀಕ್ಷೆಯಲ್ಲಿ ನಾನು ಈ ಲೆಕ್ಕವನ್ನು ಕೊಟ್ಟೆ. ಒಬ್ಬ ವ್ಯಾಪಾರಿಯು 36 ಡಜನ್ ಬಾಳೆಹಣ್ಣನ್ನು ಡಜನ್ನಿಗೆ 5 ರೂಪಾಯಿಯಂತೆ ಕೊಂಡನು. ಅದರಲ್ಲಿ ಆರನೆಯ ಒಂದು ಪಾಲು ಕೊಳೆತುಹೋಯಿತು. ಒಟ್ಟಿನಲ್ಲಿ ಶೇಕಡ 20ರಷ್ಟು ಲಾಭ ಬರಬೇಕಾದರೆ ಉಳಿದ ಹಣ್ಣನ್ನು ಡಜನ್ನಿಗೆ ಎಷ್ಟರಂತೆ ಮಾರಬೇಕು?

ಅಧಿಕಾರಿಯ ಮಗ ಕ್ರಮವಾಗಿ ಬಿಡಿಸಿದ್ದ. ಕೊಂಡ ಬೆಲೆ 180 ರೂಪಾಯಿ. ಕೊಳೆತದ್ದು 6 ಡಜನ್, ಉಳಿದದ್ದು 30. ಲಾಭ ಸೇರಿ ಬರಬೇಕಾದ ಹಣ 216. ಅದನ್ನು 30ರಿಂದ ಭಾಗಿಸಿದರೆ 7 ರೂಪಾಯಿ 20 ಪೈಸೆ. ಕೆಳಗೆ ಎರಡು ಗೆರೆ ಎಳೆದಿದ್ದ. ಭೇಷ್ ಎಂದು ಬರೆದೆ.

ಹುಡುಗಿಯ ಹಾಳೆಯಲ್ಲಿ ಮೂರೇ ಅಂಕಿಗಳಿದ್ದುವು: 5, 6, 7.20. ಹಂತವಿಲ್ಲ, ವಾಕ್ಯವಿಲ್ಲ. ನಾನು ಅವಳನ್ನು ಮೇಜಿನ ಬಳಿಗೆ ಕರೆದು, ಎಲ್ಲರೂ ಕೇಳುವಂತೆ, "ಯಾರನ್ನು ನೋಡಿ ಬರೆದೆ?" ಎಂದೆ. ಅವಳು ತಲೆ ತಗ್ಗಿಸಿದಳು. ತಗ್ಗಿದ ತಲೆಯನ್ನು ತಪ್ಪೊಪ್ಪಿಗೆಯೆಂದು ತಿಳಿದು ಸೊನ್ನೆ ಹಾಕಿದೆ. ಕೊನೆಯ ಸಾಲಿನಿಂದ ಮೊದಲ ಸಾಲಿನ ಹುಡುಗನ ಹಾಳೆಯನ್ನು ಅವಳು ಹೇಗೆ ನೋಡಿಯಾಳು ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ. ಒಂದೇ ಉತ್ತರ ಎರಡು ಹಾಳೆಗಳಲ್ಲಿ ಬಂದಿತ್ತು. ಒಂದನ್ನು ಬುದ್ಧಿಯೆಂದೆ, ಇನ್ನೊಂದನ್ನು ಕಳವೆಂದೆ. ಅದೇ ವಾರ ಜಿಲ್ಲೆಯ ಮಟ್ಟದ ಗಣಿತ ಸ್ಪರ್ಧೆಗೆ ಶಾಲೆಯಿಂದ ಒಂದು ಹೆಸರನ್ನು ಕಳುಹಿಸಬೇಕಾಗಿದ್ದಿತು. ಹುಡುಗನ ಹೆಸರನ್ನು ಬರೆದೆ.

ನಾಲ್ಕು ದಿನ ಕಳೆದ ಮೇಲೆ ಸಂತೆಗೆ ಹೋಗಿದ್ದೆ. ಬಾಳೆಗೊನೆಗಳ ರಾಶಿಯ ಬಳಿ ಆ ಹುಡುಗಿ ಒಬ್ಬ ಚಿಲ್ಲರೆ ವ್ಯಾಪಾರಿಯ ಸಂಗಡ ಮಾತಾಡುತ್ತಿದ್ದಳು. ಶಾಲೆಯಲ್ಲಿ ತುಟಿ ಬಿಚ್ಚದವಳ ದನಿ ಅಲ್ಲಿ ಗಟ್ಟಿಯಾಗಿತ್ತು. "ಆರ್ಕೊಂದು ಕೊಳ್ತೋದ್ರೆ ಐದ್ರುಪಾಯ್ದು ಆರಾಯ್ತದ ಕಣಣ್ಣ. ಆಮೇಕೆ ನಿನ್ ಲಾಭ ಹಾಕ್ಕೊ. ಎಷ್ಟು ಡಜನ್ನಾದ್ರೂ ಅದೇಯ."

ನಾನು ನಿಂತಲ್ಲಿಯೇ ನಿಂತೆ. ಆರು ಡಜನ್ನಿನಲ್ಲಿ ಒಂದು ಕೊಳೆತರೆ ಉಳಿದ ಐದೇ ಆರರ ಹಣವನ್ನು ತರಬೇಕು; ಆದುದರಿಂದ 5 ರೂಪಾಯಿಯ ಹಣ್ಣಿನ ಅಸಲು 6 ರೂಪಾಯಿ. ಆರರ ಶೇಕಡ 20 ಎಂದರೆ 1 ರೂಪಾಯಿ 20 ಪೈಸೆ. ಒಟ್ಟು 7.20. ಮೂರೇ ಅಂಕಿ. ನಾನು ಕೊಟ್ಟಿದ್ದ 36 ಡಜನ್ ಎಂಬ ಅಂಕಿಯೇ ಆ ಲೆಕ್ಕಕ್ಕೆ ಬೇಡವಾಗಿದ್ದಿತು. ಅದನ್ನು ಅಧಿಕಾರಿಯ ಮಗ ಕಂಡಿರಲಿಲ್ಲ. ಲೆಕ್ಕ ಕಟ್ಟಿದ ನಾನೂ ಕಂಡಿರಲಿಲ್ಲ. ಹದಿಮೂರು ವರ್ಷದ ಹುಡುಗಿ ಕಂಡಿದ್ದಳು.

ಇಲ್ಲಿಯವರೆಗಿನದು ತಪ್ಪು. ತಪ್ಪು ಯಾರಿಗಾದರೂ ಆಗುತ್ತದೆ. ಮುಂದಿನದಕ್ಕೆ ಆ ಹೆಸರು ಸಾಲದು. ಹೆಸರನ್ನು ಕಳುಹಿಸಿ ಆಗಿದೆ, ಈಗ ಬದಲಾಯಿಸಿದರೆ ಏನೆಂದುಕೊಳ್ಳುವರೋ, ತರಗತಿಯ ಎದುರಿಗೆ ನಾನೇ ತಪ್ಪಿದೆನೆಂದರೆ ಮಕ್ಕಳ ಮುಂದೆ ಮರ್ಯಾದೆ ಉಳಿಯುವುದೇ ಎಂದೆಲ್ಲ ಯೋಚಿಸಿ ಸುಮ್ಮನಾದೆ. ಆ ಸೊನ್ನೆಯನ್ನು ತಿದ್ದಲಿಲ್ಲ. ಹುಡುಗ ಸ್ಪರ್ಧೆಗೆ ಹೋಗಿ ಬಹುಮಾನ ತಂದ, ಮುಂದೆ ಎಂಜಿನಿಯರಾದ, ಈಗಲೂ ಯುಗಾದಿಗೆ ತಪ್ಪದೆ ದೂರವಾಣಿಯಲ್ಲಿ ಮಾತಾಡಿಸುತ್ತಾನೆ. ಹುಡುಗಿ ಮರುವರ್ಷ ಶಾಲೆ ಬಿಟ್ಟಳು. ಮದುವೆಯಾಯಿತೆಂದು ಯಾರೋ ಹೇಳಿದರು.

ಅಂದು ನನ್ನ ಕಣ್ಣನ್ನು ಕಟ್ಟಿದ್ದು ಏನು ಎಂದು ಬಹಳ ಸಲ ಯೋಚಿಸಿದ್ದೇನೆ. ಜಾತಿಯೇ? ಬಡತನವೇ? ಎರಡೂ ಇದ್ದುವು, ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅವುಗಳ ಜೊತೆಗೆ ಇನ್ನೊಂದಿದ್ದಿತು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಅಕ್ಷರವಿತ್ತು. ನನ್ನ ತಂದೆ ಉಪಾಧ್ಯಾಯರು. ಮನೆಗೆ ವೃತ್ತಪತ್ರಿಕೆಯೂ ವಾರಪತ್ರಿಕೆಯೂ ಬರುತ್ತಿದ್ದುವು. ರಾತ್ರಿ ಊಟವಾದ ಮೇಲೆ ಮಗ್ಗಿ ಹೇಳಿಸುವ ಅಜ್ಜನಿದ್ದ. ಬಾಲ್ಯದಲ್ಲಿ ನನಗೆ ಬಂದ ಬಹುಮಾನಗಳನ್ನೆಲ್ಲ ನಾನು ನನ್ನ ತಲೆಯ ಸಂಪಾದನೆಯೆಂದೇ ಎಣಿಸಿದ್ದೆ. ಪ್ರತಿಭೆ ಎಂದರೆ ನನ್ನಂತೆ ಮಾತಾಡುವುದು, ನನ್ನಂತೆ ಬರೆಯುವುದು ಎಂಬ ಅಳತೆ ನನಗೆ ತಿಳಿಯದೆಯೇ ನನ್ನೊಳಗೆ ಕುಳಿತಿದ್ದಿತು. ಅಧಿಕಾರಿಯ ಮಗನಲ್ಲಿ ನಾನು ನನ್ನನ್ನೇ ಕಂಡೆ, ಮೆಚ್ಚಿದೆ.

ಆ ಅಳತೆಯ ಕೋಲು ಎಷ್ಟು ಮೋಸದ್ದೆಂಬುದನ್ನು ಅದೇ ನಂಜನಗೂಡು ತಾಲ್ಲೂಕು ನನಗೆ ಇನ್ನೊಂದು ಬಗೆಯಿಂದ ಕಲಿಸಿತು. ದೇವನೂರಿನಲ್ಲಿ 1948ರಲ್ಲಿ ಹುಟ್ಟಿದ ದೇವನೂರ ಮಹಾದೇವರ "ಕುಸುಮಬಾಲೆ"ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆ ಕೃತಿಯ ಕನ್ನಡ ನನ್ನ ವಿದ್ಯಾರ್ಥಿಗಳ ಮನೆಯ ಕನ್ನಡ. ನಾವು ಮೇಷ್ಟರುಗಳು ಕೆಂಪುಶಾಯಿಯಿಂದ ಹೊಡೆದುಹಾಕುತ್ತಿದ್ದ ಕನ್ನಡ.

ಪ್ರತಿಭೆಗೆ ಯಾರ ನೆರವೂ ಬೇಡ, ಅದು ತಾನಾಗಿ ಬೆಳಗುತ್ತದೆ ಎನ್ನುವವರುಂಟು. ಅವರು ಸಾಮಾನ್ಯವಾಗಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೇಳುತ್ತಾರೆ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಮಕ್ಕಳಿಗೆ ಮನೆಪಾಠ ಹೇಳಿ ಸಂಪಾದಿಸಿ ಓದಿದ ಅವರ ಶ್ರಮ ದೊಡ್ಡದು. ಅದನ್ನು ಯಾರೂ ಕಡಮೆ ಮಾಡಲಾರರು. ಆದರೆ ತಂದೆ ಸಂಸ್ಕೃತ ವಿದ್ವಾಂಸರಾಗಿದ್ದರು, ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಿದ್ದಿತು, 1881ರಲ್ಲಿ ಬಿ.ಎ. ಆದ ಮೇಲೆ ಪುಣೆಗೆ ಹೋಗಿ ಎಂಜಿನಿಯರಿಂಗ್ ಕಲಿಯಲು ಮೈಸೂರು ಸರ್ಕಾರದ ನೆರವು ದೊರೆಯಿತು. ಮೂರು ಕೈಗಳು ಹಿಂದೆ ಇದ್ದುವು. ಮುಂದೆ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಏಕೆ ಸ್ಥಾನ ದೊರೆಯುತ್ತಿಲ್ಲವೆಂದು ವಿಚಾರಿಸಲು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ದಿವಾನ ವಿಶ್ವೇಶ್ವರಯ್ಯನವರು ಅದೇ ವರ್ಷ ಪದವಿಯಿಂದ ನಿವೃತ್ತರಾಗಲು ಈ ವಿಷಯದ ಭಿನ್ನಾಭಿಪ್ರಾಯವೂ ಒಂದು ಕಾರಣವೆನ್ನುತ್ತಾರೆ. ಯೋಗ್ಯತೆ ಕುಂದಬಾರದೆಂಬುದು ದಿವಾನರ ಕಾಳಜಿ. ಯೋಗ್ಯತೆಯನ್ನು ಹುಡುಕಿದ್ದೇವೆಯೇ ಎಂಬುದು ಮಹಾರಾಜರ ಪ್ರಶ್ನೆ. ನನ್ನ ಯೌವನದಲ್ಲಿ ನಾನು ದಿವಾನರ ಪಕ್ಷದವನಾಗಿದ್ದೆ. ಆ ಸಂತೆಯ ದಿನದಿಂದ ಮಹಾರಾಜರ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಹುಡುಕುವವರು ಸಿಕ್ಕರೆ ಏನಾಗುತ್ತದೆಂಬುದಕ್ಕೆ ನೆರೆಯ ತಿರುಮಕೂಡಲು ಸಾಕ್ಷಿ. ಅಲ್ಲಿನ ಒಕ್ಕಲಿಗರ ಮನೆಯಲ್ಲಿ 1895ರಲ್ಲಿ ಹುಟ್ಟಿದ ಚೌಡಯ್ಯನವರನ್ನು 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರು ಶಿಷ್ಯನನ್ನಾಗಿ ಸ್ವೀಕರಿಸಿದರು. ವರ್ಷಗಟ್ಟಲೆ ಸಾಧನೆ ಮಾಡಿಸಿದರು. ಮೈಕು ಇಲ್ಲದ ಕಾಲದಲ್ಲಿ ದೊಡ್ಡ ಸಭೆಯ ಹಿಂದಿನ ಸಾಲಿಗೆ ಪಿಟೀಲಿನ ನಾದ ತಲುಪದೆ ಇದ್ದುದನ್ನು ಕಂಡು ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ರೂಪಿಸಿದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರನ್ನು ಸಂಗೀತ ಕಲಾನಿಧಿಯೆಂದು ಗೌರವಿಸಿತು.

ಶ್ರೀನಿವಾಸ ರಾಮಾನುಜನ್ನರ ಕಥೆಯೂ ಹೀಗೆಯೇ. ಜವಳಿ ಅಂಗಡಿಯ ಗುಮಾಸ್ತರ ಮಗ ಕೇಂಬ್ರಿಜ್ಜಿನ ಇಬ್ಬರು ವಿದ್ವಾಂಸರಿಗೆ ಬರೆದ ಕಾಗದಗಳಿಂದ ಏನೂ ಪ್ರಯೋಜನವಾಗಲಿಲ್ಲ. 1913ರಲ್ಲಿ ಹಾರ್ಡಿಯವರಿಗೆ ಬರೆದದ್ದು ಫಲಿಸಿತು. ಅದರಲ್ಲಿಯೂ ಉತ್ತರಗಳಿದ್ದುವು, ಹಂತಗಳಿರಲಿಲ್ಲ. ಇದು ಮೋಸವಿರಬಹುದೇ ಎಂಬ ಸಂದೇಹ ಹಾರ್ಡಿಯವರಿಗೂ ಬಂದಿತ್ತು. ಆದರೆ ಅವರು ಕಾಗದವನ್ನು ಬದಿಗಿಡಲಿಲ್ಲ. ಗೆಳೆಯ ಲಿಟಲ್‌ವುಡ್ಡರೊಡನೆ ಕುಳಿತು ಪರೀಕ್ಷಿಸಿ ನೋಡಿದರು. ರಾಮಾನುಜನ್ನರಿಗೆ ಕಾಗದ ಬರೆಯುವಷ್ಟು ಇಂಗ್ಲಿಷ್ ಇತ್ತು, ದಾರಿ ತೋರುವ ಹಿತೈಷಿಗಳಿದ್ದರು. ನನ್ನ ತರಗತಿಯ ಹುಡುಗಿಗೆ ಇದ್ದ ವಿಳಾಸ ಒಂದೇ: ನಾನು.

ಇದು ನಮ್ಮ ದೇಶದ ದೋಷ ಮಾತ್ರವೂ ಅಲ್ಲ. ಅಮೆರಿಕದ ಫ್ಲಾರಿಡಾದ ಬ್ರೌವರ್ಡ್ ಎಂಬ ಜಿಲ್ಲೆಯಲ್ಲಿ, ಪ್ರತಿಭಾವಂತ ಮಕ್ಕಳ ವಿಶೇಷ ತರಗತಿಗಳಿಗೆ ಉಪಾಧ್ಯಾಯರೋ ತಂದೆತಾಯಿಗಳೋ ಸೂಚಿಸಿದ ಮಕ್ಕಳನ್ನು ಮಾತ್ರ ಪರೀಕ್ಷಿಸುತ್ತಿದ್ದರು. 2005ರಲ್ಲಿ ಆ ಪದ್ಧತಿಯನ್ನು ಬದಲಿಸಿ ಎರಡನೆಯ ತರಗತಿಯ ಎಲ್ಲ ಮಕ್ಕಳಿಗೂ ಒಂದು ಸಣ್ಣ ಪರೀಕ್ಷೆಯನ್ನು ಕೊಟ್ಟರು. ಒಡನೆಯೇ ಬಡವರ, ಕರಿಯರ, ವಲಸೆ ಬಂದವರ ಮಕ್ಕಳು ಮೊದಲಿಗಿಂತ ಎಷ್ಟೋ ಹೆಚ್ಚಿನ ಸಂಖ್ಯೆಯಲ್ಲಿ ಆಯ್ಕೆಯಾದರು. ಮಕ್ಕಳು ಒಂದು ವರ್ಷದಲ್ಲಿ ಬದಲಾಗಲಿಲ್ಲ. ಅಲ್ಲಿಯವರೆಗೆ ಅವರನ್ನು ಸೂಚಿಸುವವರು ಯಾರೂ ಇರಲಿಲ್ಲ, ಅಷ್ಟೆ.

ಮತ್ತೆ ಬಿದಿರಿನ ಕಳಲೆಗೆ ಬರುತ್ತೇನೆ. ಮುಂಗಾರು ಬಿದ್ದೊಡನೆ ಮೆಳೆಯ ಬುಡದಿಂದ ಕಳಲೆ ಎದ್ದು ಕೆಲವೇ ವಾರಗಳಲ್ಲಿ ಆಳೆತ್ತರ ದಾಟುತ್ತದೆ. ನೋಡಿದವರು, "ಏನು ಬೆಳವಣಿಗೆ!" ಎನ್ನುತ್ತಾರೆ. ಆದರೆ ಆ ವೇಗ ಕಳಲೆಯೊಂದರದೇ ಅಲ್ಲ. ನೆಲದೊಳಗಿನ ಗಡ್ಡೆಯಲ್ಲಿ ಹಳೆಯ ಬಿದಿರುಗಳು ವರ್ಷಗಳಿಂದ ಕೂಡಿಟ್ಟ ಆಹಾರ ಅದಕ್ಕೆ ಹರಿದುಬರುತ್ತದೆ. ಅದೇ ಬಿದಿರಿನ ಬೀಜ ಬಯಲಿನಲ್ಲಿ ಬಿದ್ದು ಮೊಳೆತರೆ, ಮೊದಲ ಕೆಲವು ವರ್ಷ ಹುಲ್ಲಿನಂತೆ ತೆಳ್ಳಗೆ ನಿಂತಿರುತ್ತದೆ. ತನ್ನ ಬೇರನ್ನು ತಾನೇ ಕಟ್ಟಿಕೊಳ್ಳಬೇಕು. ಜಾತಿ ಒಂದೇ, ಸತ್ತ್ವ ಒಂದೇ. ಕಳಲೆಯ ಮೇಲೆ ಸಿಟ್ಟಾಗಬೇಕಾಗಿಲ್ಲ; ಮೆಳೆಯಲ್ಲಿ ಹುಟ್ಟಿದ್ದು ಅದರ ತಪ್ಪಲ್ಲ. ಆದರೆ ಎರಡನ್ನೂ ಒಂದೇ ದಿನ ಅಳೆದು ಒಂದಕ್ಕೆ ಬಹುಮಾನವನ್ನೂ ಇನ್ನೊಂದಕ್ಕೆ ಕಳೆಯೆಂಬ ಹೆಸರನ್ನೂ ಕೊಡುವ ತೋಟಗಾರನ ಮೇಲೆ ಸಿಟ್ಟಾಗಬಹುದು. ಆ ತೋಟಗಾರ ನಾನಾಗಿದ್ದೆ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಬಹುಮಾನ ಬಂದಾಗ ಪೇಡ ಹಂಚುತ್ತೇವೆ; ಹಂಚೋಣ. ಹಂಚುವಾಗ, "ನಿನ್ನ ಕೆಳಗೆ ಒಂದು ಮೆಳೆಯಿದೆ, ಮರೆಯಬೇಡ" ಎಂದು ಮಗುವಿಗೆ ಒಂದು ಮಾತು ಹೇಳಿದರೆ ಅದರ ಸಂತೋಷವೇನೂ ಕಡಮೆಯಾಗುವುದಿಲ್ಲ.

ಗುಡಿಯ ಜಗಲಿಯ ಮೇಲೆ ಆಕೆ ನನ್ನ ಪಕ್ಕದಲ್ಲಿ, ಒಂದು ಮಾರು ದೂರ ಬಿಟ್ಟು, ಕುಳಿತಳು. ಹೆಂಗಸರ ಸಂಘದ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತಿರುವೆನೆಂದೂ, ಸಾಲ ಬಡ್ಡಿ ಕಂತುಗಳೆಲ್ಲ ತನ್ನ ಕೈಯಲ್ಲೇ ಇವೆಯೆಂದೂ ಹೇಳಿದಳು. ನಾನು ಹೇಗೋ ಧೈರ್ಯ ಮಾಡಿ, "ಆ ಬಾಳೆಹಣ್ಣಿನ ಲೆಕ್ಕ ನೆನಪಿದೆಯೇನಮ್ಮ? ನೀನು ಯಾರನ್ನೂ ನೋಡಿ ಬರೆದಿರಲಿಲ್ಲ. ನನಗೆ ಆ ವಾರವೇ ಗೊತ್ತಾಗಿತ್ತು. ಹೇಳಲಿಲ್ಲ" ಎಂದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ನನ್ನನ್ನು ನೋಯಿಸಬಾರದೆಂಬಂತೆ ನಕ್ಕು, "ಅದೇನ್ ಬುಡಿ ಮೇಷ್ಟ್ರೇ, ಯಾವ್ ಕಾಲದ್ದು. ಆದ್ರೆ ಅವತ್ತಿಂದ ಒಂದ್ ಅಭ್ಯಾಸ ಆಗೋಯ್ತು. ಲೆಕ್ಕ ಸರಿಯಾಗ್ ಬಂದ್ರೂ ಇನ್ನೊಂದ್ ಸಲ ನೋಡ್ತೀನಿ. ನಂದೇನಾ ಅಂತ" ಎಂದಳು.

ಮೂವತ್ತೆಂಟು ಮೂವತ್ತೊಂಬತ್ತು ವರ್ಷ! ನಾನು ಹಾಕಿದ ಸೊನ್ನೆ ಹಾಳೆಯ ಮೇಲೆ ನಿಂತಿರಲಿಲ್ಲ.

ಅಷ್ಟರಲ್ಲಿ ಮೊಮ್ಮಗಳು ಗುಡಿಯ ಕಂಬಗಳನ್ನು ಎಣಿಸಿಕೊಂಡು ಬಂದು ಒಂದು ಸಂಖ್ಯೆಯನ್ನು ಹೇಳಿದಳು. ಎಲ್ಲ ಕಂಬಗಳನ್ನೂ ಮುಟ್ಟಿ ಬರುವಷ್ಟು ಹೊತ್ತು ಆಗಿರಲಿಲ್ಲ. ಹಿಂದಿನ ಅಭ್ಯಾಸದಂತೆ ಬೇರೊಂದು ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, "ಹೇಗೆ ಎಣಿಸಿದೆ ಮಗು?" ಎಂದು ಕೇಳಿದೆ. ಒಂದು ಕಡೆಯ ಕಂಬಗಳನ್ನು ಎಣಿಸಿ, ಆ ಕಡೆಯೂ ಅಷ್ಟೇ ಇರಬೇಕೆಂದು ಇಮ್ಮಡಿ ಮಾಡಿ, ಮೂಲೆಯದನ್ನು ಎರಡು ಸಲ ಎಣಿಸಿದ್ದನ್ನು ಆಮೇಲೆ ಕಳೆದ ಬಗೆಯನ್ನು ಅವಳು ಕೈಬೆರಳುಗಳನ್ನು ಮಡಿಸಿ ಬಿಚ್ಚಿ ಹೇಳತೊಡಗಿದಳು. ನಡುವೆ ತಪ್ಪಿದಳು, ತಾನೇ ತಿದ್ದಿಕೊಂಡಳು, ಮತ್ತೆ ಮೊದಲಿನಿಂದ ಹೇಳಿದಳು. ಮನೆಯವಳು ಹೊರಗಿನಿಂದ ಎರಡು ಸಲ ಕೂಗಿದಳು. ನಾನು ಎದ್ದೇಳದೆ ಕೊನೆಯವರೆಗೂ ಕೇಳಿದೆ. ನಂಜನಗೂಡಿನ ಬಸ್ಸು ಹೊರಟುಹೋಯಿತು.